ಪೀಸಾಗೆ ಹೋಗುವವರು ಲುಕ್ಕಾಗೂ ಹೋಗಿ

ಇಟಲಿಗೆ ಹೋಗಿಬಂದ ನಮ್ಮವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಪೀಸಾದ ವಾಲುಗೋಪುರಕ್ಕೆ ಕೈ ಕೊಟ್ಟು ನಿಂತದ್ದು. ತಪ್ಪೇನಿಲ್ಲ, ನನ್ನ ಹತ್ತಿರವೂ ಇದೆ. ಆದರೆ ಅದೇ ಪೀಸಾದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಕೂತರೆ ಲುಕ್ಕಾ ಅನ್ನೋ ಊರು ಸಿಗುತ್ತದೆ. ಪ್ಯಾಕೇಜ್ ಟೂರಿನ ಬಸ್ಸುಗಳು ಸಾಮಾನ್ಯವಾಗಿ ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ನನ್ನನ್ನು ಕೇಳಿದರೆ ಗೋಪುರಕ್ಕೆ ಒಂದು ಗಂಟೆ ಸಾಕು, ಉಳಿದ ದಿನವೆಲ್ಲ ಲುಕ್ಕಾಗೆ ಕೊಡಿ.

ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ. ಮೊದಲ ನೋಟಕ್ಕೆ ಅದು ಕೋಟೆ ಅನ್ನಿಸೋದೇ ಇಲ್ಲ. ವಿಶಾಲವಾದ ಹುಲ್ಲುಗಾವಲು, ಅದರಾಚೆ ಇಟ್ಟಿಗೆಯ ಗೋಡೆ, ಗೋಡೆಯ ತಲೆಯ ಮೇಲೆ ಸಾಲುಮರ. ಹುಲ್ಲಿನ ನಡುವಿನ ಕಾಲುದಾರಿ ಹಿಡಿದು ಹೋದರೆ ಕೊತ್ತಳದ ಬುಡದಲ್ಲಿ ಒಂದು ಸಣ್ಣ ಬಾಗಿಲಿದೆ. ಒಳಗೆ ಕಮಾನಿನ ಸುರಂಗ. ಬೇಸಿಗೆಯಲ್ಲೂ ತಣ್ಣಗೆ, ಹಸಿ ಮಣ್ಣಿನ ವಾಸನೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ನೇರ ಮರದ ನೆರಳು. ಗಾಡಿಯಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವ ಅಪ್ಪ, ಬೆಂಚಿನ ಮೇಲೆ ಪೇಪರ್ ಓದುವ ಅಜ್ಜ, ಬೆವರು ಸುರಿಸುತ್ತಾ ಓಡುವ ಹುಡುಗಿಯರು, ಬಾಡಿಗೆ ಸೈಕಲ್ ತುಳಿಯುವ ನಮ್ಮಂಥವರು. ಟಿಕೆಟ್ ಇಲ್ಲ, ಗೇಟಿಲ್ಲ, ಸೀಟಿ ಊದುವ ಗಾರ್ಡ್ ಇಲ್ಲ.

ಗೋಡೆಯ ಮೇಲೆ ಒಂದು ಸುತ್ತು ಸುಮಾರು 4 ಕಿಲೋಮೀಟರ್. ಎತ್ತರ 12 ಮೀಟರ್, ಬುಡದ ಅಗಲ 30 ಮೀಟರ್. ಗೋಡೆ ಅನ್ನೋದಕ್ಕಿಂತ ಇಟ್ಟಿಗೆ ಹೊದಿಸಿದ ಮಣ್ಣಿನ ದಿಬ್ಬ ಅಂದರೇ ಸರಿ. ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆಗಳು ಉಪಯೋಗಕ್ಕೆ ಬರಲಿಲ್ಲ. ಗುಂಡು ಬಿದ್ದರೆ ಮಣ್ಣು ಅದನ್ನು ನುಂಗಬೇಕಿತ್ತು. ಹಾಗಾಗಿ 16ನೇ ಶತಮಾನದ ಆರಂಭದಲ್ಲಿ ಲುಕ್ಕಾದವರು ಹೊಸ ಕೋಟೆ ಕಟ್ಟೋಕೆ ಶುರು ಮಾಡಿದರು. ಮುಗಿದದ್ದು 17ನೇ ಶತಮಾನದ ನಡುವಿನಲ್ಲಿ. ನೂರು ವರ್ಷಕ್ಕೂ ಮೀರಿದ ಕೆಲಸ! ಪಕ್ಕದಲ್ಲೇ ಫ್ಲಾರೆನ್ಸ್. ಅದು ಸುತ್ತಲಿನ ಊರುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಪುಟ್ಟ ಗಣರಾಜ್ಯ ಲುಕ್ಕಾಗೆ ಆ ಭಯ ಸಣ್ಣದಾಗಿರಲಿಲ್ಲ.

ತಮಾಷೆ ಏನೆಂದರೆ, ಯಾರೂ ದಾಳಿ ಮಾಡಲೇ ಇಲ್ಲ. ಇಷ್ಟೆಲ್ಲ ಕಟ್ಟಿದ ಕೋಟೆಗೆ ಒಂದು ಮುತ್ತಿಗೆಯೂ ಬರಲಿಲ್ಲ. 1799ರಲ್ಲಿ ಫ್ರೆಂಚರು ಬಂದಾಗಲೂ ಕಾಳಗ ನಡೆಯಲಿಲ್ಲ, ಊರು ಸುಮ್ನೆ ಅವರ ಕೈಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಫಿರಂಗಿಗೆ ಬಿರುಕು ಬಿಟ್ಟಿತ್ತು. ಲುಕ್ಕಾದ ಕೋಟೆಗೆ ನಿಜವಾದ ಪರೀಕ್ಷೆ ಬಂದದ್ದು 1812ರ ನವೆಂಬರಿನಲ್ಲಿ, ಅದೂ ನೀರಿನಿಂದ. ಸೆರ್ಕಿಯೊ ನದಿ ಉಕ್ಕಿ ಹರಿಯಿತು. ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಊರನ್ನು ಉಳಿಸಿಕೊಂಡರು. ಆಗ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಹೊರಗೆ ಉಳಿದಿದ್ದ ಅವಳನ್ನು ಕ್ರೇನಿನಲ್ಲಿ ಗೋಡೆಯ ಮೇಲಿಂದ ಎತ್ತಿ ಒಳಗೆ ಇಳಿಸಿದರು ಅಂತ ಊರವರು ಹೇಳುತ್ತಾರೆ. ಕಥೆಯೋ ನಿಜವೋ, ಕೇಳೋಕಂತೂ ಮಜಾ ಇದೆ.

ಮೇಲಿನ ಮರಗಳ ಕಥೆಯೂ ಹೀಗೇ. ಮೊದಲು ಮರ ನೆಟ್ಟದ್ದು ನೆರಳಿಗಲ್ಲ, ಬೇರು ಮಣ್ಣನ್ನು ಹಿಡಿದಿಡಲಿ ಅಂತ. ಹೊರಗಿನ ಬಯಲನ್ನು ಬೋಳಾಗಿ ಬಿಟ್ಟದ್ದು ಶತ್ರುವಿಗೆ ಅಡಗೋಕೆ ಜಾಗ ಸಿಗಬಾರದು ಅಂತ. ಈಗ ಅಲ್ಲಿ ಹುಡುಗರು ಚೆಂಡು ಒದೆಯುತ್ತಾರೆ. 19ನೇ ಶತಮಾನದಲ್ಲಿ ಎಲಿಸಾಳ ನಂತರ ಬಂದ ಮರಿಯಾ ಲೂಯಿಸಾ ಕೋಟೆಯ ತಲೆಯನ್ನು ಜನ ಅಡ್ಡಾಡುವ ಜಾಗವಾಗಿ ಮಾಡಿದಳು. 1865ರ ಸುಮಾರಿಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿ ಆದಾಗ, ದೊಡ್ಡ ರಸ್ತೆ ಬೇಕು ಅಂತ ತನ್ನ ಗೋಡೆಯ ಬಹುಭಾಗವನ್ನು ಕೆಡವಿಹಾಕಿತು. ಲುಕ್ಕಾದಲ್ಲಿ ಅದು ಆಗಲಿಲ್ಲ. ಜನ ದಿನಾ ಸಂಜೆ ವಾಕಿಂಗ್ ಮಾಡುವ ಜಾಗವನ್ನು ಕೆಡವುತ್ತೇವೆ ಅನ್ನೋಕೆ ಯಾರಿಗಾದರೂ ಧೈರ್ಯ ಬೇಕಲ್ವಾ? ಇದು ನನ್ನ ಊಹೆ, ಇತಿಹಾಸಕಾರರು ಒಪ್ಪಬೇಕಾಗಿಲ್ಲ.

ಬಳಕೆಯೇ ಉಳಿಸುತ್ತದೆ ಅನ್ನೋ ಮಾತಿಗೆ ಊರೊಳಗಿನ ಅನ್ಫಿತೆಯಾತ್ರೊ ಚೌಕ ಇನ್ನೂ ಒಳ್ಳೆಯ ಸಾಕ್ಷಿ. ಚೌಕ ಅಂದೆ, ಆದರೆ ಅದು ಮೊಟ್ಟೆಯಾಕಾರದಲ್ಲಿದೆ. ಅಲ್ಲಿ ರೋಮನ್ನರ ಕಾಲದ ಅಖಾಡವಿತ್ತು. ರೋಮ್ ಬಿದ್ದ ಮೇಲೆ ಜನ ಅದರ ಕಲ್ಲು ಕಿತ್ತುಕೊಂಡು ಹೋದರು. ಉಳಿದ ಕಮಾನುಗಳಿಗೇ ಒರಗಿಸಿ ಮನೆ ಕಟ್ಟಿಕೊಂಡರು. 1830ರಲ್ಲಿ ವಾಸ್ತುಶಿಲ್ಪಿ ನೊಟ್ಟೊಲಿನಿ ನಡುವಿನ ಕಟ್ಟಡಗಳನ್ನು ತೆಗೆಸಿ ಬಯಲು ಮಾಡಿದ. ಈಗ ನೋಡಿದರೆ ಅಖಾಡ ಇಲ್ಲ, ಅಖಾಡದ ಆಕಾರ ಮಾತ್ರ ಇದೆ. ಸುತ್ತ ಹಳದಿ ಗೋಡೆಯ ಮನೆಗಳು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹೊರಗಿನ ಓಣಿಯಲ್ಲಿ ಒಂದು ಸುತ್ತು ಹಾಕಿ. ಮನೆಗಳ ಗೋಡೆಯೊಳಗೆ ರೋಮನ್ ಕಮಾನಿನ ತುಂಡುಗಳು ಹಾಗೇ ಸಿಕ್ಕಿಕೊಂಡಿವೆ, ಪಕ್ಕದಲ್ಲೇ ಗ್ಯಾಸ್ ಪೈಪು. ಚೌಕದೊಳಗಿನ ಹೋಟೆಲುಗಳಲ್ಲಿ ಮಾತ್ರ ಕೂರಬೇಡಿ, ಕಾಫಿಗಿಂತ ಕುರ್ಚಿಗೆ ಜಾಸ್ತಿ ದುಡ್ಡು.

ಬಳಸಿದರೆ ಸಾಕು, ಎಲ್ಲ ಉಳಿಯುತ್ತದೆ ಅಂತಲೂ ಅಲ್ಲ. ಇದೇ ಗೋಡೆಯ ಮೇಲೆ 20ನೇ ಶತಮಾನದಲ್ಲಿ ಕಾರುಗಳು ಓಡಾಡುತ್ತಿದ್ದವು. ಬೇಡ ಅಂತ ನಿಲ್ಲಿಸಿದ್ದಕ್ಕೇ ಇವತ್ತು ಮಕ್ಕಳು ಅಲ್ಲಿ ಸೈಕಲ್ ಕಲಿಯುತ್ತಿದ್ದಾರೆ. ಯಾವ ಬಳಕೆ, ಎಷ್ಟು ಬಳಕೆ ಅಂತ ಊರು ಆಗಾಗ ಜಗಳವಾಡಿ ತೀರ್ಮಾನಿಸಬೇಕು. ಶ್ರೀರಂಗಪಟ್ಟಣದಲ್ಲೂ ಕೋಟೆಯೊಳಗೇ ಜನ ಬದುಕುತ್ತಾರೆ. ಆದರೆ ಗೋಡೆ ಪುರಾತತ್ವ ಇಲಾಖೆಯದು, ಬೀದಿ ಜನರದು ಅನ್ನೋ ಹಾಗೆ ಇದೆ. ಕಾವಲು ಹಾಕಿದರೆ ಕೋಟೆ ಉಳಿಯುತ್ತದೆ ಅಂತ ನಂಬಿದ್ದೇವೆ. ಮರ, ಬೆಂಚು, ಒಂದಿಷ್ಟು ನೆರಳು ಕೊಟ್ಟು ಸಂಜೆ ಹೊತ್ತು ಜನರನ್ನು ಬಿಡುವ ಪ್ರಯೋಗವನ್ನು ಒಂದು ಕಡೆಯಾದರೂ ಗಟ್ಟಿಯಾಗಿ ಮಾಡಬಾರದಾ?

ಲುಕ್ಕಾದಲ್ಲಿ ಇನ್ನೂ ಬೇಕಾದಷ್ಟಿದೆ. ಸಂಗೀತಗಾರ ಪುಚ್ಚಿನಿ 1858ರಲ್ಲಿ ಹುಟ್ಟಿದ ಮನೆ ಈಗ ಮ್ಯೂಸಿಯಂ. ಗ್ವಿನೀಜಿ ಗೋಪುರದ ನೆತ್ತಿಯ ಮೇಲೆ ನಿಜವಾದ ಓಕ್ ಮರಗಳಿವೆ, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ನೋವಿದ್ದರೆ ಕೆಳಗಿಂದಲೇ ನೋಡಿ. ಸಾನ್ ಮಿಕೇಲೆ ಚರ್ಚನ್ನು ಮಾತ್ರ ಪಕ್ಕದಿಂದ ನೋಡಲೇಬೇಕು. ಎದುರಿನ ಅಮೃತಶಿಲೆಯ ಮುಖ ಚರ್ಚಿನ ಮಾಡಿಗಿಂತ ಎಷ್ಟೋ ಎತ್ತರ, ನಾಟಕದ ಪರದೆಯ ಹಾಗೆ ಒಂಟಿಯಾಗಿ ನಿಂತಿದೆ. ಚರ್ಚನ್ನೂ ಅಷ್ಟೇ ಎತ್ತರಿಸುವ ಯೋಜನೆ ಇತ್ತು, ದುಡ್ಡು ಸಾಲಲಿಲ್ಲ.

ಊಟದ ವಿಷಯ. ಸಸ್ಯಾಹಾರಿಗಳು ಇಲ್ಲಿನ ಫಾರ್ರೊ ಗೋಧಿಯ ಸೂಪ್ ತಗೊಳ್ಳಬಹುದು, ಆದರೆ ಹಂದಿ ಮಾಂಸ ಹಾಕಿದ್ದಾರಾ ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಹಾಕುತ್ತಾರೆ. ಸೋಂಪು, ಒಣದ್ರಾಕ್ಷಿ ಹಾಕಿದ ಬುಚ್ಚೆಲ್ಲಾತೊ ಅನ್ನೋ ಸಿಹಿ ಬ್ರೆಡ್ ಕೊಂಡು ಗೋಡೆ ಹತ್ತಿ ತಿನ್ನಿ. ಅದನ್ನು ತಿನ್ನದವನು ಲುಕ್ಕಾಗೆ ಬಂದ ಹಾಗೇ ಅಲ್ಲ ಅಂತ ಊರಿನ ಗಾದೆ. ನನಗೆ ಸ್ವಲ್ಪ ಒಣಒಣ ಅನ್ನಿಸಿತು. ಕಾಫಿಯಲ್ಲಿ ಅದ್ದಿಕೊಂಡರೆ ಪರವಾಗಿಲ್ಲ.