ವೃಷಭಾವತಿ: ಕಷ್ಟ ಐದಕ್ಕೆ ಐದು

ಜಿಯೋಕ್ಯಾಶಿಂಗ್ ಅಂತ ಒಂದು ಆಟ ಇದೆ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಇನ್ಯಾರೋ ಜಿಪಿಎಸ್ ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಮನೆಗೆ ಹೋಗುತ್ತಾರೆ. ದುಡ್ಡಿಲ್ಲ, ಕಪ್ಪಿಲ್ಲ, ಶಾಲು ಹಾರ ಹಣ್ಣಿನ ಬುಟ್ಟಿ ಮೊದಲೇ ಇಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸುವುದನ್ನು ನಿಲ್ಲಿಸಿತು. ಅದಾದ ಒಂದೆರಡು ದಿನಕ್ಕೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಕಾಡಿಗೆ ಹೋಗಿ ಒಂದು ಕಪ್ಪು ಬಕೆಟ್ ಇಟ್ಟು ಬಂದ. ಒಳಗೆ ಪುಸ್ತಕ, ಕ್ಯಾಸೆಟ್ಟು, ಒಂದು ಡಬ್ಬ ಬೀನ್ಸ್. ಇವತ್ತು ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ.

ಒಂದು ಬಕೆಟ್ ಬಚ್ಚಿಟ್ಟಿದ್ದಕ್ಕೆ ಆ ಮನುಷ್ಯನಿಗೆ ಇಷ್ಟು ಹೆಸರು. ನಾವು ಬೆಂಗಳೂರಿನವರು ಇಡೀ ನದಿಯನ್ನೇ ಬಚ್ಚಿಟ್ಟಿದ್ದೇವೆ. ಒಬ್ಬರಾದರೂ ಭೇಷ್ ಅಂದಿದ್ದಾರಾ?

ಈ ಆಟದಲ್ಲಿ ಪ್ರತಿ ಡಬ್ಬಿಗೂ ಒಂದರಿಂದ ಐದರವರೆಗೆ ಕಷ್ಟದ ಅಂಕ ಕೊಡುತ್ತಾರೆ. ವೃಷಭಾವತಿಗೆ ಐದು ಕೊಟ್ಟರೂ ಕಮ್ಮಿಯೇ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ನದಿ ಹುಟ್ಟುತ್ತದೆ ಅಂತ ಪ್ರತೀತಿ. ಹೋಗಿ ಹುಡುಕಿ, ಬೆಣ್ಣೆ ಅಲಂಕಾರ ಸಿಗುತ್ತದೆ, ಪರಿಷೆ ಹೊತ್ತಿನಲ್ಲಾದರೆ ಕಡಲೆಕಾಯಿ ಸಿಗುತ್ತದೆ, ನದಿ ಸಿಗುವುದಿಲ್ಲ. ಇನ್ನೊಂದು ಕವಲು ಮಲ್ಲೇಶ್ವರದಲ್ಲಿ. ಅಲ್ಲಿ ಕಾಡು ಮಲ್ಲೇಶ್ವರನ ಎದುರು 1997ರಲ್ಲಿ ಮಣ್ಣು ಅಗೆದರೆ ನಂದಿ, ಬಾಯಿಂದ ಬೀಳುವ ನೀರು, ಕಲ್ಯಾಣಿ ಎಲ್ಲಾ ಹೊರಗೆ ಬಂತು. ಡಬ್ಬಿಯನ್ನು ಅಗೆದು ಹೂಳಬಾರದು ಅನ್ನುವುದು ಜಿಯೋಕ್ಯಾಶಿಂಗಿನ ಕಟ್ಟುನಿಟ್ಟಿನ ನಿಯಮ. ನಾವು ನಂದಿಯನ್ನೇ ಹೂತು ಮರೆತಿದ್ದವರು, ನಮಗೇನು ನಿಯಮ ಹೇಳುತ್ತೀರಿ.

ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ದಾಟಿದ ಮೇಲೆ ನದಿ ಬಯಲಿಗೆ ಬರುತ್ತದೆ. ಒಂದು ಪಕ್ಕ ರಸ್ತೆ, ತಲೆ ಮೇಲೆ ನೇರಳೆ ಮೆಟ್ರೊ, ಕೆಳಗೆ ಎರಡು ಕಾಂಕ್ರೀಟ್ ಗೋಡೆ ನಡುವೆ ಕಪ್ಪಗೆ ಹರಿಯುವ ಏನೋ ಒಂದು. ಅದರ ಪಕ್ಕ ಬೆಳಗ್ಗೆ ಆರಕ್ಕೆ ವಾಕಿಂಗ್ ಮಾಡುವ ಜನ ಇದ್ದಾರೆ. ಆರೋಗ್ಯಕ್ಕಂತೆ.

ಮೊನ್ನೆ ಅಲ್ಲೊಬ್ಬ ಹುಡುಗ ಫೋನ್ ಹಿಡಿದುಕೊಂಡು, ತಡೆಗೋಡೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಲ್ಲುಸಂದಿಗೆ ಬೆರಳು ಹಾಕುತ್ತಿದ್ದ. ಮಂಕಿ ಕ್ಯಾಪ್ ಹಾಕಿದ ಹಿರಿಯರೊಬ್ಬರು ಬಂದು ನಿಂತರು.

‘ಏನಪ್ಪಾ, ಏನಾದ್ರೂ ಬಿದ್ದೋಯ್ತಾ?’

‘ಇಲ್ಲ ಅಂಕಲ್, ಒಂದು ಡಬ್ಬಿ ಹುಡುಕ್ತಾ ಇದೀನಿ.’

‘ನಿಂದಾ?’

‘ಅಲ್ಲ. ಯಾರ್ದೋ.’

‘ಏನೈತೆ ಅದ್ರಲ್ಲಿ?’

‘ಒಂದು ಚೀಟಿ. ನನ್ ಹೆಸ್ರು ಬರ್ದು ವಾಪಸ್ ಅಲ್ಲೇ ಇಡ್ಬೇಕು.’

‘ಹೆಸ್ರು ಬರ್ದು? ಎಷ್ಟು ಕೊಡ್ತಾರೆ?’

‘ಏನೂ ಕೊಡಲ್ಲ ಅಂಕಲ್, ಸುಮ್ನೆ ಖುಷಿಗೆ.’

ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. ನದಿ ದಡ, ಮುಂಜಾವು, ಚೀಟಿಯಲ್ಲಿ ಹೆಸರು, ಮೇಲಿಂದ ದುಡ್ಡೂ ಇಲ್ಲ. ಮಾಟವೇ ಇರಬೇಕು. ಅಷ್ಟರಲ್ಲಿ ಇನ್ನೂ ಮೂವರು ಸೇರಿಕೊಂಡರು. ಒಬ್ಬರು ಆಧಾರ್ ಕೇಳಿದರು. ಇನ್ನೊಬ್ಬರು ಫೋಟೊ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮೂರನೆಯವರು, ‘ವಾರಸುದಾರರಿಲ್ಲದ ವಸ್ತು ಮುಟ್ಟಬಾರದು ಅಂತ ಬಸ್‌ಸ್ಟ್ಯಾಂಡಲ್ಲಿ ಅಷ್ಟು ಸಲ ಹೇಳ್ತಾರಲ್ಲಪ್ಪಾ’ ಅಂತ ಬುದ್ಧಿ ಹೇಳಿದರು.

ಈ ವಿಚಾರಣೆ ನಡೆಯುವಾಗಲೇ ಒಂದು ಟೆಂಪೊ ಬಂತು. ಮೇಲ್ತನಕ ಕಟ್ಟಡ ಒಡೆದ ಇಟ್ಟಿಗೆ, ಒಂದು ಕಮೋಡು, ಹರಿದ ಹಾಸಿಗೆ. ಡ್ರೈವರ್ ಹಿಂದಕ್ಕೆ ತಗೊಳ್ಳಲು ಒದ್ದಾಡುತ್ತಿದ್ದ. ನಮ್ಮ ಮಂಕಿ ಕ್ಯಾಪಿನ ಹಿರಿಯರು ಹುಡುಗನನ್ನು ಅಲ್ಲೇ ಬಿಟ್ಟು ಓಡಿಹೋಗಿ ಕೈಬೀಸಿದರು. ‘ಬಾ, ಬಾ, ಬಾ... ಲೆಫ್ಟ್ ಹೊಡಿ... ಇನ್ನೂ ಬಾ... ಸಾಕು!’ ಮಾಲೆಲ್ಲಾ ನದಿಗೆ ಬಿತ್ತು. ಡ್ರೈವರ್ ಥ್ಯಾಂಕ್ಸ್ ಹೇಳಿದ. ಹಿರಿಯರು ವಾಪಸ್ ಬಂದು ಹುಡುಗನಿಗೆ, ‘ಪಬ್ಲಿಕ್ ಜಾಗದಲ್ಲಿ ಹಿಂಗೆಲ್ಲಾ ಮಾಡಬಾರದು’ ಅಂದರು.

ಹುಡುಗನ ತಪ್ಪು ಸ್ಪಷ್ಟವಾಗಿದೆ. ನದಿ ದಡಕ್ಕೆ ಖಾಲಿ ಕೈಯಲ್ಲಿ ಬಂದಿದ್ದ. ಬೆಂಗಳೂರಿನಲ್ಲಿ ನದಿ ಹತ್ತಿರ ಹೋಗುವವರ ಕೈಯಲ್ಲಿ ಒಂದು ಕವರ್ ಇರಬೇಕು, ವಾಪಸ್ ಬರುವಾಗ ಇರಬಾರದು. ಇದಕ್ಕೆ ಯಾರೂ ಆಧಾರ್ ಕೇಳುವುದಿಲ್ಲ. ಸೇತುವೆಗಳ ಮೇಲೆ ಕಸ ಎಸೆಯದ ಹಾಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಜಾಲರಿ ಎತ್ತರ ಆದಷ್ಟೂ ನಮ್ಮ ಜನರ ತೋಳಿಗೆ ಬಲ ಬಂದಿದೆ. ಸ್ಕೂಟರ್ ನಿಲ್ಲಿಸದೆ, ಹಿಂದೆ ಕೂತ ಹೆಂಡತಿಯ ತಲೆಗೂ ತಗುಲದ ಹಾಗೆ ಕವರನ್ನು ಜಾಲರಿ ದಾಟಿಸುವವರನ್ನು ನೋಡಿದ್ದೇನೆ. ಕ್ರಿಕೆಟ್ ಆಯ್ಕೆಗಾರರು ಬೆಳಗ್ಗೆ ಬೇಗ ಏಳುವುದಿಲ್ಲ, ಅದೇ ನಷ್ಟ.

ಈ ಆಟದಲ್ಲಿ ಇನ್ನೊಂದು ಪದ್ಧತಿ ಇದೆ. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ, ಜಾಸ್ತಿ ಬೆಲೆಯದ್ದೋ ಒಂದನ್ನು ಇಟ್ಟು ಬರಬೇಕು. ಇದನ್ನು ಮಾತ್ರ ನಾವು ಚಾಚೂ ತಪ್ಪದೆ ಪಾಲಿಸಿದ್ದೇವೆ. ನದಿಯಿಂದ ದಡ ತೆಗೆದುಕೊಂಡೆವು, ಸೈಟು ಮಾಡಿದೆವು. ಬದಲಿಗೆ ಸೋಫಾ ಕೊಟ್ಟೆವು. ಗಾಜು ಒಡೆದ ದೇವರ ಪಟ ಕೊಟ್ಟೆವು. ಬಣ್ಣದ ಗಣೇಶನನ್ನು ಕೊಟ್ಟೆವು. ಮೊನ್ನೆ ಮದುವೆ ಮಂಟಪದ ಥರ್ಮಾಕೋಲ್ ಬೋರ್ಡೊಂದು ತೇಲಿಕೊಂಡು ಹೋಗುತ್ತಿತ್ತು, ಹೃದಯದ ಚಿತ್ರ ಮತ್ತು ವರನ ಹೆಸರು ಮಾತ್ರ ಉಳಿದಿತ್ತು. ವಧು ಮುಂದಿನ ಸೇತುವೆ ಹತ್ತಿರ ಸಿಕ್ಕಿಹಾಕಿಕೊಂಡಿರಬಹುದು.

ಡಬ್ಬಿ ಹುಡುಕಲು ಹೋದವರು ವಾಪಸ್ ಬರುವಾಗ ಅಲ್ಲಿನ ಕಸ ಹೆಕ್ಕಿಕೊಂಡು ಬರುವ ಅಭ್ಯಾಸವೂ ಅವರಲ್ಲಿದೆ. ಅದನ್ನು ಇಲ್ಲಿ ಜಾರಿಗೆ ತಂದರೆ ಬೆಳಗ್ಗೆ ಹೋದವರು ನಿವೃತ್ತಿ ವಯಸ್ಸಿಗೆ ಮನೆಗೆ ಬರುತ್ತಾರೆ.

ಈ ಆಟದಲ್ಲೇ ಇನ್ನೊಂದು ಬಗೆ ಇದೆ. ಮೊದಲ ಡಬ್ಬಿಯಲ್ಲಿ ಏನೂ ಇರುವುದಿಲ್ಲ, ಎರಡನೇ ಡಬ್ಬಿ ಎಲ್ಲಿದೆ ಅನ್ನುವ ಸುಳಿವು ಮಾತ್ರ. ಅಲ್ಲಿಗೆ ಹೋದರೆ ಮೂರನೆಯದರ ಸುಳಿವು. ನದಿ ಬಗ್ಗೆ ಒಂದು ದೂರು ಕೊಟ್ಟು ನೋಡಿ, ಇದೇ ಆಟ. ಗೋಡೆ ಪಾಲಿಕೆಯದ್ದು. ಒಳಗೆ ಹರಿಯುವ ಚರಂಡಿ ನೀರು ಜಲಮಂಡಳಿಯದ್ದು. ಅದರಲ್ಲಿ ಫ್ಯಾಕ್ಟರಿ ಬಣ್ಣ ಕಂಡರೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ನದಿ ಯಾರದ್ದು ಅಂತ ಕೇಳಿದರೆ, ‘ಯಾವ ನದಿ? ಅದು ರಾಜಕಾಲುವೆ ಅಲ್ವಾ?’ ಅನ್ನುತ್ತಾರೆ. ಮೊದಲು ಪಾಲಿಕೆ ಒಂದೇ ಇತ್ತು, ಆಟ ಬೇಗ ಮುಗಿಯುತ್ತಿತ್ತು. 2025ರಲ್ಲಿ ಅದನ್ನು ಐದು ಮಾಡಿದ ಮೇಲೆ ಆಟಕ್ಕೆ ಒಳ್ಳೇ ಕಳೆ ಬಂದಿದೆ.

ಚೀಟಿಯಲ್ಲಿ ಹೆಸರು ಬರೆಯುವ ಕೆಲಸವನ್ನು ದೊಡ್ಡವರು ನೋಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನದಿ ತಾನೇ ಎದ್ದು ಬಂದು ಮೈಸೂರು ರಸ್ತೆಯ ಮನೆಗಳಿಗೆ ನುಗ್ಗುತ್ತದೆ. ಮಾರನೇ ದಿನ ಪರಿಶೀಲನೆ. ಎಲ್ಲಾ ಫೋಟೊದಲ್ಲೂ ನಾಯಕರು ನೀರಿನ ಕಡೆ ಬೆರಳು ತೋರಿಸುತ್ತಿರುತ್ತಾರೆ, ಹಿಂದೆ ಅಧಿಕಾರಿಗಳು ಅದೇ ದಿಕ್ಕಿಗೆ ನೋಡುತ್ತಿರುತ್ತಾರೆ. ಪಕ್ಷ ಬದಲಾಗಿದೆ, ಬೆರಳು ಬದಲಾಗಿಲ್ಲ. ಆಮೇಲೆ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೋಗುತ್ತಾರೆ. ಆಟದ ನಿಯಮವೂ ಅದೇ ತಾನೇ.

ನನಗೆ ತುಂಬಾ ಇಷ್ಟವಾಗಿದ್ದು ಟ್ರಾವೆಲ್ ಬಗ್ ಅನ್ನುವ ಐಟಂ. ನಂಬರ್ ಹಾಕಿದ ಒಂದು ಲೋಹದ ಬಿಲ್ಲೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ, ಊರಿಂದ ಊರಿಗೆ ಅದು ಓಡಾಡುತ್ತಿರುತ್ತದೆ, ಎಲ್ಲಿದೆ ಅಂತ ಮಾಲೀಕರು ಮನೆಯಲ್ಲೇ ಕೂತು ನೋಡಬಹುದು. ನಮ್ಮಲ್ಲಿ ಬಿಲ್ಲೆ ಇಲ್ಲ, ಲೋಹ ಮಾತ್ರ ಇದೆ. ನಮ್ಮ ವಾಷಿಂಗ್ ಮಷೀನಿನ ಸೋಪು, ಬಚ್ಚಲ ನೀರು, ಕಾರ್ಖಾನೆಗಳ ಸೀಸ ಕ್ರೋಮಿಯಂ ಎಲ್ಲಾ ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿ ಪಕ್ಕದ ಬೈರಮಂಗಲ ಕೆರೆಗೆ ಹೋಗುತ್ತವೆ. ಅಲ್ಲಿ ಆಳೆತ್ತರ ನೊರೆ ಏಳುತ್ತದೆ. ಕೆರೆ ಹಾಳಾಯಿತು ಅಂತ ನದಿಯನ್ನು ಕೆರೆಯ ಪಕ್ಕದಿಂದ ಹಾಯಿಸಲು ಕಾಲುವೆ ತೋಡುವ ಕೆಲಸವೂ ಶುರುವಾಯಿತು. ಅಂದರೆ ನೀರು ಶುದ್ಧ ಮಾಡುವುದಲ್ಲ, ಡಬ್ಬಿಯನ್ನು ಮುಂದಿನ ಊರಿಗೆ ದಾಟಿಸುವುದು. ಮುಂದೆ ಅರ್ಕಾವತಿ, ಅದರಾಚೆ ಕಾವೇರಿ. ನೊರೆಯ ನೀರಲ್ಲೇ ಬೇಬಿ ಕಾರ್ನು, ಸೊಪ್ಪು ತರಕಾರಿ ಬೆಳೆಯುತ್ತಾರೆ, ಪಾಪ, ರೈತರಿಗೆ ಬೇರೆ ನೀರೆಲ್ಲಿದೆ? ಬೆಳೆದದ್ದು ರಾತ್ರೋರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಬರುತ್ತದೆ.

ಬೆಳಗ್ಗೆ ವಾಕಿಂಗ್ ಮುಗಿಸಿದವರೆಲ್ಲಾ ತಳ್ಳುಗಾಡಿ ಸುತ್ತ ನಿಂತಿರುತ್ತಾರೆ. ದಂಟಿನ ಸೊಪ್ಪು ಅಂಗೈ ಅಗಲ, ಎಷ್ಟು ಹಸಿರು!

‘ಬಿಡದಿ ಕಡೆ ಮಾಲು ಸಾರ್, ರಾತ್ರಿ ಕಿತ್ತಿದ್ದು.’

‘ಕಟ್ಟಿಗೆ ಇಪ್ಪತ್ತಾ? ಮೂರಕ್ಕೆ ಐವತ್ತು ಮಾಡ್ಕೊಳಮ್ಮ. ಮೇಲೆ ನಾಲ್ಕು ಎಸಳು ಕರಿಬೇವು ಹಾಕು.’