ಕೇಳಿ ತಿಳಿಯಲಿಕ್ಕೂ ಒಂದಿಷ್ಟು ಹಣ

ನಾನಿರುವ ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಕೊಡುವ ‘ಕ್ಯಾಚ್’ ಅನುದಾನದ ವಿಷಯ ಹೇಳಿದರೆ ಊರಿನ ನೆಂಟರು ನಗುತ್ತಾರೆ. ಗರಿಷ್ಠ 10,000 ಡಾಲರ್. ತನ್ನ ಸುತ್ತಲಿನ ಬಡ ಮಕ್ಕಳಿಗೆ ಏನು ಕೊರತೆಯಿದೆ ಎಂದು ತಾಯಂದಿರನ್ನು ಕೂರಿಸಿ ಕೇಳಲು, ಶಾಲೆಯವರೊಂದಿಗೆ ಮಾತಾಡಿ ಯೋಜನೆ ರೂಪಿಸಲು ವೈದ್ಯರು ಆ ಹಣ ಪಡೆಯಬಹುದು. ಬರೀ ಕೇಳಲಿಕ್ಕೆ ಇಷ್ಟು ದುಡ್ಡೇ ಎಂಬುದು ನಗುವಿಗೆ ಕಾರಣ. ಇಲ್ಲಿಂದ ನಾವು ಕಲಿಯಬೇಕಾದದ್ದು ಅದೇ ಎನ್ನುವುದು ನನ್ನ ವಾದ.

ನಮ್ಮಲ್ಲೂ ಹಣವಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ನಿಗದಿಯಾಗಿತ್ತು. ಷರತ್ತಿಲ್ಲದ ನಿಧಿ; ಊರಿಗೆ ಬೇಕಾದದ್ದಕ್ಕೆ ಬಳಸಬಹುದು. ಆದರೆ ಊರಿಗೆ ಏನು ಬೇಕೆಂದು ಕೂತು ಕೇಳುವವರು ಯಾರು? ನಾನು ಕಂಡ ಕಡೆ ಆ ಹಣ ಮಾರ್ಚ್ ಹೊತ್ತಿಗೆ ಬ್ಲೀಚಿಂಗ್ ಪುಡಿಯ ರಸೀದಿಯಾಗಿರುತ್ತದೆ.

ಹಾಗೆಂದು ಅಮೆರಿಕದ ಪದ್ಧತಿಯನ್ನು ಹೊತ್ತು ಮೆರೆಸಲಾರೆ. 1989ರಲ್ಲಿ ಶುರುವಾದ ‘ಹೆಲ್ದಿ ಟುಮಾರೋಸ್’ ಎಂಬ, ಮಕ್ಕಳ ಆರೋಗ್ಯದ ಕೆಲಸಗಳಿಗೆ ಕೊಡುವ ಸರ್ಕಾರಿ ಅನುದಾನವನ್ನು ನೋಡಿ. ವರ್ಷಕ್ಕೆ 50,000 ಡಾಲರ್‌ವರೆಗೆ, ಐದು ವರ್ಷ. ಎರಡನೆಯ ವರ್ಷದಿಂದ ಸರ್ಕಾರದ ಒಂದು ಡಾಲರಿಗೆ ಎರಡು ಡಾಲರ್ ಹೊರಗಿನಿಂದ ತರಬೇಕು. ಅನುದಾನ ಮುಗಿದ ಮೇಲೂ ಕೆಲಸ ನಿಲ್ಲದಿರಲಿ, ಊರಿನವರೇ ಅದನ್ನು ನಡೆಸಿಕೊಂಡು ಹೋಗಲಿ ಎಂಬುದು ಉದ್ದೇಶ. ಆದರೆ ಎರಡು ಡಾಲರ್ ತರಬಲ್ಲವರು ಯಾರು? ಅರ್ಜಿ ಬರೆಯಲೆಂದೇ ಸಂಬಳದ ಜನರನ್ನು ಇಟ್ಟುಕೊಂಡ ಸಂಸ್ಥೆಗಳು. ತೀರಾ ಬಡ ಊರಿನ ಚಿಕಿತ್ಸಾಲಯದಲ್ಲಿ ಅರ್ಜಿ ತುಂಬುವವರೇ ಇರುವುದಿಲ್ಲ. ಮಗುವಿನ ಹಲ್ಲಿನ ಹುಳುಕು ತಪ್ಪುವುದು ಯಾರದೋ ಇಂಗ್ಲಿಷಿನ ಸೊಗಸಿನ ಮೇಲೆ ನಿಂತಿರುತ್ತದೆ!

ಅಂಗನವಾಡಿಗೆ ಈ ರೋಗವಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಮೂರು ವರ್ಷದ ಮಗುವಿಗೆ ಮೊಟ್ಟೆ ಏಕೆ ಬೇಕು ಎಂದು ಅಲ್ಲಿ ಯಾರೂ ಹತ್ತು ಪುಟ ಬರೆದು ಒಪ್ಪಿಸಬೇಕಿಲ್ಲ. ಐದು ವರ್ಷಕ್ಕೆ ಬಾಗಿಲೂ ಹಾಕುವುದಿಲ್ಲ. ಇದನ್ನು ಇಲ್ಲಿನ ಗೆಳೆಯರಿಗೆ ಹೇಳಿದರೆ ಹೊಟ್ಟೆಕಿಚ್ಚುಪಡುತ್ತಾರೆ.

ಹಾಗಾಗಿ ಅಂಗನವಾಡಿ ಇರುವಂತೆಯೇ ಇರಲಿ. ಅದಕ್ಕೆ ಅರ್ಜಿ, ಸ್ಪರ್ಧೆ ಬೇಡ. ಅದರ ಮೇಲೆ ಪ್ರತಿ ತಾಲ್ಲೂಕಿಗೂ ಕೇಳಿ ತಿಳಿಯುವ ಕೆಲಸಕ್ಕೆಂದೇ ಬೇರೆ ನಿಧಿ ಇಡಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ತಾಯಂದಿರೊಡನೆ ಕೂರುವ ದಿನಗಳಿಗೆ ಗೌರವಧನ ಸಿಗಬೇಕು. ಸಮೀಕ್ಷೆ ಎಂದರೆ ಅವರ ತಲೆಗೆ ಪುಕ್ಕಟೆ ಕಟ್ಟುವ ಅಭ್ಯಾಸ ಮೊದಲು ನಿಲ್ಲಲಿ.