ನೋಟಕ್ಕೊಂದು ಜಾಗ, ನಿದ್ದೆಗೊಂದು ಜಾಗ

ಬಂಡೆಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಟೆಂಟ್, ಕೆಳಗೆ ನೊರೆಯೇಳುವ ಕಡಲು, ಬಾಗಿಲಿನಿಂದ ಆಚೆ ಚಾಚಿದ ಎರಡು ಕಾಲು. ಇಂಥದೊಂದು ಫೋಟೊ ಕಳುಹಿಸಿ, "ಹೀಗಿರುವ ಜಾಗ ಇದ್ದರೆ ಹೇಳಿ" ಎಂದು ಯಾರಾದರೂ ಕೇಳುತ್ತಲೇ ಇರುತ್ತಾರೆ. ಹೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಆ ಟೆಂಟಿನಲ್ಲಿ ಯಾರೂ ರಾತ್ರಿ ಕಳೆದಿಲ್ಲ ಎಂದು ಬಾಜಿ ಕಟ್ಟುತ್ತೇನೆ. ಹಗ್ಗವಿಲ್ಲ, ಗೂಟವಿಲ್ಲ, ಫೋಟೊ ಮುಗಿದ ಕೂಡಲೇ ಮಡಚಿಟ್ಟಿರುತ್ತಾರೆ.

ಚೆಂದದ ನೋಟವಿರುವ ಕಡೆ ಗಾಳಿ ಇರುತ್ತದೆ, ಮರೆ ಇರುವುದಿಲ್ಲ. ನೋಟವೂ ನಿದ್ದೆಯೂ ಹತ್ತು ನಿಮಿಷದ ನಡಿಗೆಯ ಅಂತರದಲ್ಲಿ ಸಿಗುವ ತಾಣವನ್ನು ಮಾತ್ರ ನಾನು ಇನ್ನೊಬ್ಬರಿಗೆ ಸೂಚಿಸುತ್ತೇನೆ.

ಕಡಲ ಪಕ್ಕ ಎಂದರೆ ನನ್ನ ಮೊದಲ ಮತ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಶೈ ಶೈ ತೀರಕ್ಕೆ. ಕೆಸರು ತುಂಬಿದ ಕಾಡುದಾರಿ ಮುಗಿದು ಕಡಿದಾದ ದಿಬ್ಬ ಇಳಿದರೆ ಉದ್ದನೆಯ ಮರಳು. ಅದರ ದಕ್ಷಿಣದ ತುದಿಯಲ್ಲಿ, ಅಲೆ ಕೊರೆದು ಬಿಟ್ಟ ಕಲ್ಲುಗಂಬಗಳು ಮತ್ತು ಕಮಾನುಗಳು ಸಮುದ್ರದೊಳಕ್ಕೆ ಸಾಲಾಗಿ ನಿಂತಿವೆ. ಮುಖ್ಯ ಸಂಗತಿ ಬೆನ್ನ ಹಿಂದಿದೆ. ಮರಳಿಗೆ ತಾಗಿಯೇ ದಟ್ಟ ಕಾಡು; ಅದರ ಅಂಚಿನಲ್ಲಿ, ಮರಗಳ ಬುಡದಲ್ಲಿ ಟೆಂಟ್ ಹಾಕಲು ಸಮತಟ್ಟಾದ ನೆಲ. ಅಲ್ಲಿನ ತೊರೆಯ ನೀರು ಚಹಾದ ಬಣ್ಣದ್ದು. ಕೊಳಕಲ್ಲ, ಎಲೆ ಮತ್ತು ತೊಗಟೆಯಿಂದ ಇಳಿದ ಟ್ಯಾನಿನ್ ಎಂಬ ಒಗರು ಅಂಶ. ಸೋಸಿಯೋ ಕುದಿಸಿಯೋ ಕುಡಿಯಬೇಕು, ಬಣ್ಣ ಮಾತ್ರ ಹೋಗುವುದಿಲ್ಲ. ಆಹಾರವನ್ನು ಗಟ್ಟಿ ಡಬ್ಬಿಯಲ್ಲಿಡುವುದು ಅಲ್ಲಿ ಕಡ್ಡಾಯ. ಕರಡಿಯ ಹೆಸರಿನ ಡಬ್ಬಿ ಅದು, ಆದರೆ ನಿಜವಾದ ಕಳ್ಳ ರಕೂನ್ ಎಂಬ ಸಣ್ಣ ಕಾಡುಪ್ರಾಣಿ.

ಆ ಕರಾವಳಿಯಲ್ಲೇ ನಾನು ಬುದ್ಧಿ ಕಲಿತದ್ದು. ಮಧ್ಯಾಹ್ನದ ಉಬ್ಬರ ಇಳಿದ ಮೇಲೆ, ಅದು ಬಿಟ್ಟುಹೋದ ಕಡಲಪಾಚಿಯ ಗೆರೆಯಿಂದ ನಾಲ್ಕು ಮಾರು ಮೇಲಕ್ಕೆ ಟೆಂಟ್ ಹಾಕಿ ಬೀಗುತ್ತಿದ್ದೆ. ಅಲ್ಲಿ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಒಂದು ಇನ್ನೊಂದಕ್ಕಿಂತ ಎತ್ತರಕ್ಕೆ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ರಾತ್ರಿ ಎಚ್ಚರವಾದಾಗ ಪಾದದ ಕಡೆಯ ಬಟ್ಟೆ ತಣ್ಣಗೆ ನೆಲಕ್ಕೆ ಅಂಟಿಕೊಂಡಿತ್ತು, ಒಂದು ಚಪ್ಪಲಿ ತೇಲುತ್ತಿತ್ತು. ಬೆಳಿಗ್ಗೆ ನೋಡಿದರೆ ಪಾಚಿಯ ಗೆರೆ ಒಂದಲ್ಲ, ಎರಡು. ಕೆಳಗಿನದು ಹಸಿ, ಜಾರುವಂಥದ್ದು. ಮೇಲಿನದು ಒಣಗಿ ಗರಿಗರಿಯಾಗಿ, ಕಾಲಿಟ್ಟರೆ ಮರಳುಚಿಗಟಗಳು ಚಿಮ್ಮುವಂಥದ್ದು. ನಂಬಬೇಕಾದದ್ದು ಆ ಮೇಲಿನ ಗೆರೆಯನ್ನು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದನ್ನೂ ಪೂರ್ತಿ ನಂಬಬಾರದು. ಕೊಚ್ಚಿಬಂದ ದಿಮ್ಮಿಗಳ ನಡುವೆ ಮಲಗುವುದಂತೂ ಬೇಡವೇ ಬೇಡ, ನೀರು ಬಂದರೆ ಅವು ಉರುಳುತ್ತವೆ.

ಮರಳಿನಲ್ಲಿ ಸಾಮಾನ್ಯ ಗೂಟ ನಿಲ್ಲುವುದಿಲ್ಲ. ಟೆಂಟಿನ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಣಕೈ ಆಳಕ್ಕೆ ಹೂತು ತುಳಿಯಿರಿ. ಜೋರು ಗಾಳಿಗೂ ಸುಲಭಕ್ಕೆ ಜಗ್ಗುವುದಿಲ್ಲ.

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ವೈನ್‌ಗ್ಲಾಸ್ ಕೊಲ್ಲಿಯನ್ನು ಬಹುತೇಕರು ಮೇಲಿನ ವೀಕ್ಷಣಾ ಕಟ್ಟೆಯಿಂದ ನೋಡಿ ಮರಳುತ್ತಾರೆ. ತಂಗುದಾಣ ಇರುವುದು ಕೊಲ್ಲಿಯ ದಕ್ಷಿಣದ ಕೊನೆಯಲ್ಲಿ. ಅಲ್ಲಿ ಸೌದೆ ಹಚ್ಚುವಂತಿಲ್ಲ, ನೀರು ಸಿಗುತ್ತದೆಂಬ ಭರವಸೆಯಿಲ್ಲ, ಕುಡಿಯುವಷ್ಟನ್ನೂ ಹೊತ್ತೇ ಹೋಗಬೇಕು. ಆದ್ದರಿಂದಲೇ ಸಂಜೆ ಅದು ಖಾಲಿ.

ಸ್ಕಾಟ್‌ಲೆಂಡಿನ ಸ್ಯಾಂಡ್‌ವುಡ್ ಕೊಲ್ಲಿಗೆ ರಸ್ತೆಯಿಲ್ಲ, ಸುಮಾರು ಏಳು ಕಿಲೋಮೀಟರ್ ನಡೆಯಬೇಕು. ಆ ದೇಶದ 2003ರ ಭೂಸುಧಾರಣಾ ಕಾಯ್ದೆ, ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಬಯಲಿನಲ್ಲಿ ಬೀಡುಬಿಡುವ ಹಕ್ಕನ್ನೇ ಕೊಟ್ಟಿದೆ. ಗಾಳಿಯನ್ನು ಬೈಯುವ ನಾನು ಅಲ್ಲಿ ಮಾತ್ರ ಅದಕ್ಕೆ ಕೈಮುಗಿದೆ. ಬೇಸಿಗೆಯಲ್ಲಿ ಗಾಳಿ ನಿಂತ ಕ್ಷಣಕ್ಕೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜುಗಳು ಮುಖಕ್ಕೆ ಮುತ್ತುತ್ತವೆ.

ಬೆಟ್ಟಕ್ಕೆ ಬಂದರೆ ನನ್ನ ಒಲವು ಸ್ವೀಡನ್ನಿನ ಸಾರೆಕ್ ಕಡೆಗೆ. 1909ರಲ್ಲೇ ರಾಷ್ಟ್ರೀಯ ಉದ್ಯಾನವಾದ ನೆಲ. ಗುರುತು ಮಾಡಿದ ದಾರಿ ಬಹುತೇಕ ಇಲ್ಲ, ಪ್ರವಾಸಿಗರಿಗೆಂದು ತಂಗುಮನೆಯಿಲ್ಲ, ಹಿಮನದಿಯ ನೀರನ್ನು ಕಾಲಿನಿಂದಲೇ ದಾಟಬೇಕು. ಮೊದಲ ಸಲ ಹೊರಟವರಿಗೆ ಖಂಡಿತ ಬೇಡ. ಅನುಭವವಿದ್ದವರು ಮಾತ್ರ ರಾಪಾ ಕಣಿವೆಯಲ್ಲಿ ನದಿ ನೂರಾರು ಎಳೆಗಳಾಗಿ ಬಿಚ್ಚಿಕೊಳ್ಳುವುದನ್ನು ನೋಡಿಯೇ ಸಾಯಬೇಕು.

ಬೆಟ್ಟದಲ್ಲಿ ಮೋಸ ಮಾಡುವುದು ಕೆರೆದಂಡೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಿಂದ ಹರಿದು, ನೀರಿನಂತೆಯೇ ತಗ್ಗಿನಲ್ಲಿ ಮಡುಗಟ್ಟುತ್ತದೆ. ದಡದಲ್ಲಿ ಮಲಗಿದ ಒಂದು ರಾತ್ರಿ ನನ್ನ ಉಸಿರೇ ಟೆಂಟಿನ ಒಳಮೈಗೆ ಹನಿಯಾಗಿ ಅಂಟಿ, ಬೆಳಗಿನ ಜಾವ ಹಣೆಗೆ ತೊಟ್ಟಿಕ್ಕುತ್ತಿತ್ತು. ಗೆಳೆಯನೊಬ್ಬ ಇಪ್ಪತ್ತು ಮೀಟರ್ ಮೇಲಿನ ಕಲ್ಲುಹಾಸಿನ ಮೇಲೆ ಒಣ ಬಟ್ಟೆಯಲ್ಲಿ ಕೂತು ಕಾಫಿ ಕಾಸುತ್ತಿದ್ದ. ನೀರಿನಿಂದ ಕನಿಷ್ಠ ಅರುವತ್ತು ಮೀಟರ್ ದೂರವಿರಿ ಎಂಬ ನಿಯಮವನ್ನು ಕೆರೆಯ ಶುಚಿಗೂ ಪ್ರಾಣಿಗಳಿಗೂ ಎಂದು ಮಾಡಿರಬಹುದು. ಅದನ್ನು ನಾನು ಪಾಲಿಸುವುದು ಬೆಚ್ಚಗಿರುವ ಸ್ವಾರ್ಥಕ್ಕೆ.

ಚಿಲಿಯ ಪಟಗೋನಿಯಾ ಪ್ರದೇಶದಲ್ಲಿರುವ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನವನ್ನು ಹೇಳದಿದ್ದರೆ ಜಗಳವಾಗುತ್ತದೆ. ಹೋಗಿ, ಆದರೆ ಅದನ್ನು ಏಕಾಂತ ಎನ್ನಬೇಡಿ. ಅಲ್ಲಿ ಗುರುತಿಸಿದ ತಾಣದಲ್ಲಿ ಮಾತ್ರ, ಮುಂಗಡ ಕಾಯ್ದಿರಿಸಿ ಮಲಗಬೇಕು. ಬಿಗಿ ಹೆಚ್ಚಾಯಿತು ಎಂದು ಗೊಣಗುವವರಿಗೆ ಒಂದು ಮಾತು: 2005ರಲ್ಲಿ ಪ್ರವಾಸಿಯೊಬ್ಬನ ಅಡುಗೆ ಒಲೆ ಉರುಳಿ ಸುಮಾರು 15,000 ಹೆಕ್ಟೇರ್ ಸುಟ್ಟುಹೋಯಿತು. ಪಟಗೋನಿಯಾದ ಗಾಳಿ ಕ್ಷಮೆ ಕೇಳಲು ಸಮಯ ಕೊಡುವುದಿಲ್ಲ. ನಮ್ಮಲ್ಲೂ ಅಷ್ಟೇ, ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ಆ ಹುಲ್ಲಿನ ಮೇಲೆ ಟೆಂಟ್ ಹಾಕಿದವರೆಲ್ಲ ನನ್ನಂಥವರ ಬರಹ ಓದಿಯೇ ಹೋಗಿದ್ದಿರಬೇಕು. ಹಾಗಾಗಿ ನನಗೆ ಅತ್ಯಂತ ಪ್ರಿಯವಾದ ಒಂದು ಜಾಗದ ಹೆಸರನ್ನು ಇಲ್ಲಿ ಬರೆದಿಲ್ಲ. ಕೇಳಬೇಡಿ.

ಮೊನ್ನೆ ಫೋಟೊ ಕಳುಹಿಸಿದವರಿಗೆ ಶೈ ಶೈಯ ನನ್ನದೊಂದು ಫೋಟೊ ಕಳುಹಿಸಿದೆ. ಮರಗಳ ನಡುವೆ ಮಾಸಲು ಟೆಂಟ್, ಹಗ್ಗಕ್ಕೆ ನೇತಾಡುವ ಕಾಲುಚೀಲ. "ಇದರಲ್ಲಿ ಸಮುದ್ರ ಎಲ್ಲಿ?" ಎಂದು ಕೇಳಿದರು. ಎಡಕ್ಕೆ, ಇನ್ನೂರು ಹೆಜ್ಜೆ ಎಂದು ಬರೆದೆ. ಇನ್ನೂ ಉತ್ತರ ಬಂದಿಲ್ಲ.